ಸಭೆಯ ಹೊರಗಿನ ವಿಶ್ವಾಸಿಗಳೂ ಕ್ರೈಸ್ತ ವಿವಾಹವೂ



ಕೆಲವು ತಿಂಗಳುಗಳ ಹಿಂದೆ ಹೆಮ್ಮರಗಾಲದ ಕಡೆಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಿದ್ದಳು. ಅವಳದು ಕ್ರಿಸ್ತನನ್ನು ನಂಬಿದ ಕುಟುಂಬವೇ ಆದರೂ ಯಾವ ಸಭೆಯ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ. ಭಾನುವಾರಗಳಲ್ಲಿ ನಾಲ್ಕಾರು ಮನೆಗಳವರು ಒಂದು ಜಗುಲಿಯ ಮೇಲೆ ಕೂಡಿ ಸತ್ಯವೇದವನ್ನೋದಿ ಪ್ರಾರ್ಥಿಸುತ್ತಾರೆ, ಅಷ್ಟೇ. ಆಕೆಯ ಮದುವೆಯೂ ಹಾಗೆಯೇ ಮನೆಯ ಮುಂದಣ ಚಪ್ಪರದಲ್ಲಿ, ಹಿರಿಯರೊಬ್ಬರ ಪ್ರಾರ್ಥನೆಯೊಡನೆ ನಡೆದಿತ್ತು. ಈಗ ಗಂಡನು ತೀರಿಹೋಗಿದ್ದನು. ನೀನು ಅವನ ಹೆಂಡತಿಯೆಂಬುದಕ್ಕೆ ಬರಹವೆಲ್ಲಿ ಎಂದು ಗಂಡನ ಅಣ್ಣತಮ್ಮಂದಿರು ಕೇಳಿದ್ದರು. ಶಾಲೆಯ ದಾಖಲಾತಿ ಪುಸ್ತಕದಿಂದ ಒಂದು ಪತ್ರವನ್ನು ಬರೆದುಕೊಡಬೇಕೆಂದು ಆಕೆಯ ಬಿನ್ನಹ. ಪುಸ್ತಕವನ್ನು ತೆರೆದು ನೋಡಿದೆವು. ಹುಟ್ಟಿದ ತಾರೀಖು ಇತ್ತು, ತಂದೆಯ ಹೆಸರಿತ್ತು. ಗಂಡನ ಹೆಸರನ್ನು ಬರೆಯುವ ಕಲಮು ಆ ಪುಸ್ತಕದಲ್ಲಿಲ್ಲ.

ಆದಕಾರಣ ಈ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಸಭೆಗೆ ಸೇರದವರ ಮದುವೆ ಮದುವೆಯೇ ಅಲ್ಲವೆಂದು ಕೆಲವರು ಹೇಳುವುದುಂಟು. ನಾವು ಹಾಗೆ ಎಣಿಸುವವರಲ್ಲ. ಇಸಾಕನ ಮದುವೆಯಲ್ಲಿ ಯಾಜಕನ ಮಾತೇ ಇಲ್ಲ. ಆದರೆ ರೆಬೆಕ್ಕಳನ್ನು ಮನೆಯವರು ಕರೆದು, ಈ ಮನುಷ್ಯನ ಜೊತೆಯಲ್ಲಿ ಹೋಗುವೆಯಾ ಎಂದು ಅವಳನ್ನೇ ಕೇಳಿದರು. (ಇಂದಿಗೂ ಎಷ್ಟು ಮನೆಗಳಲ್ಲಿ ಹೀಗೆ ಕೇಳುತ್ತಾರೋ!) ಬೋವಜನು ರೂತಳನ್ನು ಪರಿಗ್ರಹಿಸಿದ್ದು ಬೇತ್ಲೆಹೇಮಿನ ಊರ ಬಾಗಿಲಲ್ಲಿ, ಹತ್ತು ಮಂದಿ ಹಿರಿಯರ ಎದುರಿನಲ್ಲಿ. ಕಾನಾ ಊರಿನ ಮದುವೆಯನ್ನು ನಡೆಸಿದವರಾರೆಂದು ಸುವಾರ್ತೆಯು ತಿಳಿಸುವುದೇ ಇಲ್ಲ. ರೋಮಿನ ಸಭೆಯಲ್ಲಿ ಸಹ, ಯಾಜಕನೂ ಸಾಕ್ಷಿಗಳೂ ಇಲ್ಲದ ಮದುವೆಯು ಸಲ್ಲದೆಂಬ ಕಟ್ಟಳೆಯಾದದ್ದು 1563ರಲ್ಲಿ, ಟ್ರೆಂಟಿನ ಮಹಾಸಭೆಯಲ್ಲಿ. ಪಾದ್ರಿಗಳೇ ಇಲ್ಲದ ಕ್ವೇಕರರೆಂಬ ಇಂಗ್ಲೆಂಡಿನ ಪಂಗಡದವರಲ್ಲಿ ವಧೂವರರು ಎದ್ದು ನಿಂತು ತಾವೇ ಪರಸ್ಪರ ಮಾತು ಕೊಡುತ್ತಾರೆ. ಅನಂತರ ಕೂಡಿದವರೆಲ್ಲರೂ ವಿವಾಹಪತ್ರಕ್ಕೆ ರುಜು ಹಾಕುತ್ತಾರೆ. ಅಲ್ಲಿ ಪಾದ್ರಿಯಿಲ್ಲ, ಆದರೆ ಕಾಗದವಿದೆ. ನಮ್ಮ ಹಳ್ಳಿಗಳ ವಿಶ್ವಾಸಿಗಳು ಪಾದ್ರಿಯನ್ನು ಬಿಟ್ಟಾಗ ಕಾಗದವನ್ನೂ ಬಿಟ್ಟರು. ತೊಡಕು ಹುಟ್ಟಿದ್ದು ಅಲ್ಲಿ.

ಇನ್ನು ನಮ್ಮ ದೇಶದ ಕಾಯಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯು ಕ್ರೈಸ್ತಮತವನ್ನು ಅವಲಂಬಿಸುವವರೆಲ್ಲರನ್ನೂ ಕ್ರೈಸ್ತರೆಂದೇ ಕರೆಯುತ್ತದೆ. ಸಭೆಯ ಪಟ್ಟಿಯನ್ನು ಕೇಳುವುದಿಲ್ಲ. ಆದರೆ ವಧೂವರರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ, ಕ್ರೈಸ್ತ ವಿಧಿಯಿಂದ ನಡೆಸುವ ಮದುವೆಯು ಆ ಕಾಯಿದೆಯು ಹೇಳಿದವರ ಮುಂದೆಯೇ ನಡೆಯತಕ್ಕದ್ದು. ಇಲ್ಲವಾದರೆ ಅದು ಅಸಿಂಧು. ಅಧಿಕಾರವಿಲ್ಲದೆ ಮದುವೆ ನಡೆಸಿದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದು. ಒಳ್ಳೆಯ ಮನಸ್ಸಿನಿಂದ ಪ್ರಾರ್ಥಿಸುವ ನಮ್ಮ ಹಿರಿಯರು ಇದನ್ನು ಅರಿತಿರುವುದು ಅಪರೂಪ.

ಅದೇ ಕಾಯಿದೆಯಲ್ಲಿ ಹಳ್ಳಿಯವರಿಗೆ ಅನುಕೂಲವಾದ ಒಂದು ದಾರಿಯೂ ಇದೆ. ವಧೂವರರಿಬ್ಬರೂ ಭಾರತೀಯ ಕ್ರೈಸ್ತರಾಗಿದ್ದರೆ, ವಿವಾಹಪತ್ರ ಕೊಡಲು ಸರ್ಕಾರದ ಲೈಸೆನ್ಸು ಪಡೆದ ಕ್ರೈಸ್ತನೊಬ್ಬನೂ ಇಬ್ಬರು ನಂಬತಕ್ಕ ಸಾಕ್ಷಿಗಳೂ ಇರುವಲ್ಲಿ, ಕಾಯಿದೆಯಲ್ಲಿ ಹೇಳಿರುವ ಮಾತನ್ನು ಪರಸ್ಪರ ನುಡಿದರೆ ಸಾಕು. ಇದಕ್ಕೆ ಮುಂಚಿತವಾದ ನೋಟೀಸು ಬೇಡ. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. ಇಬ್ಬರಿಗೂ ಬದುಕಿರುವ ಹೆಂಡತಿಯಾಗಲಿ ಗಂಡನಾಗಲಿ ಇರಕೂಡದು. ಹೊತ್ತು ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ. ಪ್ರಾರ್ಥನೆಯನ್ನು ಮನೆಯ ಹಿರಿಯರೇ ಮಾಡಲಿ, ಕೀರ್ತನೆಗಳನ್ನು ನೆರೆಯವರೇ ಹಾಡಲಿ, ಕಾಯಿದೆಯ ಅಡ್ಡಿಯಿಲ್ಲ.

ಇನ್ನೊಂದು ದಾರಿ 1954ರ ವಿಶೇಷ ವಿವಾಹ ಕಾಯಿದೆ. 1872ರಲ್ಲೇ ಇದೇ ಹೆಸರಿನ ಕಾಯಿದೆಯೊಂದಿತ್ತು. ಅದರಂತೆ ಮದುವೆಯಾಗುವವರು ತಾವು ಕ್ರೈಸ್ತರಲ್ಲವೆಂದು ಬರೆದುಕೊಡಬೇಕಾಗಿತ್ತು. ಆ ಕಾಲದ ವಿಶ್ವಾಸಿಯು ಹೇಗೆ ತಾನೇ ಬರೆದುಕೊಟ್ಟಾನು? ಈಗ ಆ ಮಾತಿಲ್ಲ. ಮೂವತ್ತು ದಿನಗಳ ನೋಟೀಸೂ ಮೂವರು ಸಾಕ್ಷಿಗಳೂ ಬೇಕು.

ಚಪ್ಪರದಲ್ಲಿ ಆಗಲೇ ಮದುವೆಯಾದವರು ಗಮನಿಸಬೇಕಾದದ್ದು ಈ ಕಾಯಿದೆಯ 15ನೆಯ ಪ್ರಕರಣ. ಮದುವೆಯ ವಿಧಿಯು ನಡೆದು ಅಂದಿನಿಂದ ಸತಿಪತಿಗಳಾಗಿ ಬಾಳುತ್ತಿರುವ, 21 ವರ್ಷ ತುಂಬಿದ ದಂಪತಿಗಳು ಅರ್ಜಿ ಕೊಟ್ಟರೆ, ತಕರಾರುಗಳಿಗೆ ಮೂವತ್ತು ದಿನ ಬಿಟ್ಟು ಆ ಮದುವೆಯನ್ನು ನೋಂದಾಯಿಸುತ್ತಾರೆ. ವಿಧಿಯು ನಡೆದ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರುಗಳನ್ನೂ ಅಲ್ಲಿ ಬರೆಯುತ್ತಾರೆ. ಅವರು ಧರ್ಮಸಂತಾನವೆಂದೇ ಎಣಿಸಲ್ಪಡುತ್ತಾರೆ. ಆದರೆ ಅರ್ಜಿಗೆ ಇಬ್ಬರ ರುಜುವೂ ಬೇಕು. ಒಬ್ಬರು ಮಣ್ಣಿಗೆ ಸೇರಿದ ಮೇಲೆ ಈ ಬಾಗಿಲು ಮುಚ್ಚಿಹೋಗುತ್ತದೆ.

ಇದೆಲ್ಲದರ ಭಾರವು ಹೆಣ್ಣಿನ ಮೇಲೆಯೇ ಬೀಳುವುದರಿಂದ ಇಷ್ಟು ಒತ್ತಿ ಹೇಳುತ್ತೇವೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆ; ಮಕ್ಕಳಿಲ್ಲದೆ ಬಂಧುಗಳು ಮಾತ್ರವಿದ್ದರೆ ಆಕೆಗೆ ಅರ್ಧ. ಹೆಂಡತಿಯೆಂದು ತೋರಿಸಲಾರದವಳಿಗೆ ಈ ಲೆಕ್ಕವೆಲ್ಲ ಯಾವ ಪ್ರಯೋಜನಕ್ಕೆ? ಕರ್ನಾಟಕದಲ್ಲಿ ವಿವಾಹ ನೋಂದಣಿಗೆಂದೇ 1976ರ ಕಾಯಿದೆಯಿದೆ. ಯಾವ ಮತದವರ ಮದುವೆಯಾದರೂ ನೋಂದಣಿಯಾಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತಿತು. ವಯಸ್ಸಿನ ಪತ್ರ ಬೇಕಾದ ಹಳೆಯ ವಿದ್ಯಾರ್ಥಿನಿಯರು ತಾವು ಶಾಲೆ ಬಿಟ್ಟ ವರ್ಷವನ್ನೂ ತಂದೆಯ ಹೆಸರನ್ನೂ ತಿಳಿಸಿದರೆ ನಾವು ಬರೆದುಕೊಡುತ್ತೇವೆ.

ಆ ಹೆಣ್ಣುಮಗಳ ವ್ಯಾಜ್ಯವು ಇನ್ನೂ ಮುಗಿದಿಲ್ಲ. ಈ ನಡುವೆ ಅವಳ ಹಿರಿಯ ಮಗಳಿಗೆ ಮದುವೆ ಗೊತ್ತಾಗಿದೆ. ಅದೇ ಅಂಗಳದಲ್ಲಿ ಚಪ್ಪರ, ಅದೇ ಹಿರಿಯರ ಪ್ರಾರ್ಥನೆ. ಲೈಸೆನ್ಸು ಪಡೆದವರೊಬ್ಬರು ಪುಸ್ತಕದೊಂದಿಗೆ ಬರುವರಂತೆ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾಗಿ ರುಜು ಹಾಕಲು ನಮ್ಮನ್ನು ಕರೆದಿದ್ದಾರೆ.