ಕೂಲೆಂಟಿನಲ್ಲಿ ಎಣ್ಣೆ: ಎಂಜಿನ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳು

ನಮ್ಮ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಅನೇಕರು ಹತ್ತು-ಹನ್ನೆರಡು ವರ್ಷ ಹಳೆಯದಾದ ಡೀಸೆಲ್ ಸರಕು ವಾಹನಗಳನ್ನು ಬಳಸುತ್ತಿದ್ದಾರೆ. ಸವಕಳಿಯಿಂದಾಗಿ ಲೆಕ್ಕಪತ್ರದಲ್ಲಿ ಇವುಗಳ ಮೌಲ್ಯ ಬಹಳಷ್ಟು ಇಳಿದಿರುತ್ತದೆ. ಆದರೆ ಎಂಜಿನ್ ಬಿಚ್ಚಿದರೆ ಬರುವ ಬಿಲ್ಲು ಆ ಮೌಲ್ಯವನ್ನೂ ಮೀರಬಹುದು. ರೇಡಿಯೇಟರಿನಲ್ಲಿ ಎಣ್ಣೆ ಕಂಡೊಡನೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ತೀರ್ಮಾನಿಸುವುದು ವಾಡಿಕೆಯಾಗಿದೆ. ಈ ತೀರ್ಮಾನ ಯಾವಾಗಲೂ ಸರಿಯಲ್ಲ. ಕಡಿಮೆ ಖರ್ಚಿನ ಪರೀಕ್ಷೆಯಿಂದ ಆರಂಭಿಸಿ ಕ್ರಮವಾಗಿ ಮುಂದುವರಿಯುವುದೇ ವಿವೇಕದ ಮಾರ್ಗ.

ಮೊದಲ ಪರಿಶೀಲನೆ

ಎಂಜಿನ್ ಪೂರ್ಣವಾಗಿ ತಣ್ಣಗಾದ ನಂತರವೇ ರೇಡಿಯೇಟರ್ ಮುಚ್ಚಳ ತೆರೆಯಬೇಕು. ಬಿಸಿಯಿರುವಾಗ ತೆರೆದರೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಸುಟ್ಟಗಾಯವಾಗುತ್ತದೆ. ಸ್ವಲ್ಪ ಕೂಲೆಂಟನ್ನು ಗಾಜಿನ ಬಾಟಲಿಯಲ್ಲಿ ತೆಗೆದು ಕೆಲ ಹೊತ್ತು ಅಲುಗಾಡಿಸದೆ ಇಡಬೇಕು.

1. ತಳದಲ್ಲಿ ಕಂದು ಗಸಿ ನಿಂತರೆ ಅದು ತುಕ್ಕು. ಕೊಳವೆಬಾವಿಯ ಗಡಸು ನೀರನ್ನೇ ತುಂಬುತ್ತ ಬಂದ ವಾಹನಗಳಲ್ಲಿ ಇದು ಸಾಮಾನ್ಯ. ವ್ಯವಸ್ಥೆಯನ್ನು ತೊಳೆದು ಹೊಸ ಕೂಲೆಂಟ್ ತುಂಬಬೇಕು.

2. ಲೋಳೆಯಂತಹ ಪದಾರ್ಥ ಕಂಡರೆ, ಪರಸ್ಪರ ಹೊಂದದ ಎರಡು ಬಗೆಯ ಕೂಲೆಂಟ್ ಬೆರೆತಿರುವ ಸಾಧ್ಯತೆಯಿದೆ. ಬಣ್ಣ ಒಂದೇ ಆದ ಮಾತ್ರಕ್ಕೆ ರಾಸಾಯನಿಕವೂ ಒಂದೇ ಎಂದು ಭಾವಿಸಬಾರದು.

3. ಎಣ್ಣೆ ಮೇಲೆ ತೇಲಿದರೆ ಅಥವಾ ಹಾಲು ಬೆರೆಸಿದ ಕಾಫಿಯಂತಹ ರಾಡಿಯಿದ್ದರೆ, ಎಂಜಿನ್ ಆಯಿಲ್ ಸೇರಿರುವ ಶಂಕೆ ಬಲವಾಗುತ್ತದೆ.

ಎಣ್ಣೆಯ ಮೂಲ

ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಇದ್ದು, ಅದರೊಳಗೆ ಎಣ್ಣೆ ಮತ್ತು ಕೂಲೆಂಟ್ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಎಂಜಿನ್ ಚಾಲನೆಯಲ್ಲಿರುವಾಗ ಎಣ್ಣೆಯ ಒತ್ತಡ ಹೆಚ್ಚು. ಆದ್ದರಿಂದ ಕೂಲರ್ ಸೋರಿದರೆ ಎಣ್ಣೆಯು ಕೂಲೆಂಟಿಗೆ ನುಗ್ಗುತ್ತದೆ; ಡಿಪ್‌ಸ್ಟಿಕ್ಕಿನ ಎಣ್ಣೆ ಮಾತ್ರ ಸ್ವಚ್ಛವಾಗಿಯೇ ಕಾಣಬಹುದು.

ಹೆಡ್ ಗ್ಯಾಸ್ಕೆಟ್ ಸಿಲಿಂಡರಿನ ಬಳಿ ಹಾಳಾಗಿದ್ದರೆ ಲಕ್ಷಣಗಳು ಬೇರೆ: ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆಗಳು ಏಳುತ್ತವೆ, ತಣ್ಣನೆಯ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಮೇಲಿನ ಹೋಸ್ ಪೈಪ್ ಗಟ್ಟಿಯಾಗುತ್ತದೆ. ದಹನಾನಿಲ ಪತ್ತೆಮಾಡುವ ನೀಲಿ ದ್ರವವು ಹಳದಿಗೆ ತಿರುಗಿದರೆ ಶಂಕೆ ದೃಢವಾಗುತ್ತದೆ. ಬಣ್ಣ ಬದಲಾಗದಿದ್ದರೂ ಗ್ಯಾಸ್ಕೆಟ್ ನಿರ್ದೋಷಿಯೆಂದು ಹೇಳಲಾಗದು. ಎಣ್ಣೆಯ ಮತ್ತು ನೀರಿನ ರಂಧ್ರಗಳ ನಡುವೆ ಮಾತ್ರ ಅದು ಹರಿದಿರಬಹುದು. ಆಗ ಆಯಿಲ್ ಕೂಲರನ್ನು ಕಳಚಿ, ನೀರಿನಲ್ಲಿ ಮುಳುಗಿಸಿ, ಗಾಳಿಯ ಒತ್ತಡದಿಂದ ಪರೀಕ್ಷಿಸಬೇಕು. ಅದು ಸರಿಯಿದ್ದರೆ ಮಾತ್ರ ಹೆಡ್ ಬಿಚ್ಚಲು ಒಪ್ಪಿಗೆ ನೀಡಬಹುದು.

ಡಿಪ್‌ಸ್ಟಿಕ್ಕಿನಲ್ಲಿಯೂ ರಾಡಿ ಕಂಡರೆ ವಾಹನವನ್ನು ಓಡಿಸಲೇಬಾರದು. ಕೂಲೆಂಟ್ ಬೆರೆತ ಎಣ್ಣೆ ಬೇರಿಂಗುಗಳನ್ನು ಕೆಡಿಸುತ್ತದೆ. ಸಣ್ಣ ದುರಸ್ತಿಯು ದೊಡ್ಡದಾಗುವುದು ಇಲ್ಲಿಯೇ.

ದುರಸ್ತಿಯ ನಂತರ ಒಳಗಿನ ಎಣ್ಣೆಯ ಅಂಶವನ್ನು ಪೂರ್ಣವಾಗಿ ತೊಳೆದು, ಉಬ್ಬಿದ ಹೋಸ್ ಪೈಪುಗಳನ್ನು ಬದಲಿಸಬೇಕು. ಇಲ್ಲವಾದರೆ ಉಳಿದ ಎಣ್ಣೆಯೇ ಹೊಸ ದೋಷದಂತೆ ತೋರುತ್ತದೆ. ಹಳೆಯ ಕೂಲೆಂಟ್ ವಿಷಕಾರಿಯಾದುದರಿಂದ ಚರಂಡಿಗೆ ಸುರಿಯಬಾರದು.

ಲೆಕ್ಕಪತ್ರದ ದೃಷ್ಟಿಯಿಂದ

ಅಂದಾಜು ಪಟ್ಟಿಯೊಂದಿಗೆ ಪರೀಕ್ಷೆಯ ಫಲಿತಾಂಶವನ್ನೂ ಬರವಣಿಗೆಯಲ್ಲಿ ಪಡೆಯತಕ್ಕದ್ದು. ಕೂಲರ್ ಅಥವಾ ಗ್ಯಾಸ್ಕೆಟ್ ಬದಲಾವಣೆ ಸಾಮಾನ್ಯವಾಗಿ ಆ ವರ್ಷದ ದುರಸ್ತಿ ವೆಚ್ಚ. ಇಡೀ ಎಂಜಿನ್ ಬದಲಿಸಿದರೆ ಅದು ಬಂಡವಾಳ ವೆಚ್ಚವೇ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ವ್ಯವಹಾರಕ್ಕೆ ಬಳಸುವ ಸರಕು ವಾಹನದ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಗೆ, ಇತರ ಷರತ್ತುಗಳಿಗೊಳಪಟ್ಟು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಕೈಚೀಟಿಯ ಬದಲು ಕ್ರಮಬದ್ಧ ತೆರಿಗೆ ಬಿಲ್ಲು ಪಡೆಯುವುದು ಅಗತ್ಯ.

ಚಾಲಕರು ಕೂಲೆಂಟ್ ಸೇರಿಸಿದ ದಿನಾಂಕ, ಪ್ರಮಾಣ ಹಾಗೂ ಕಿಲೋಮೀಟರನ್ನು ಲಾಗ್ ಪುಸ್ತಕದಲ್ಲಿ ದಾಖಲಿಸಲಿ. ಪದೇ ಪದೇ ಸೇರಿಸಬೇಕಾಗಿ ಬಂದರೆ, ಎಂಜಿನ್ ಕೆಡುವ ಮೊದಲೇ ಆ ಪುಟವು ಮಾಲೀಕರನ್ನು ಎಚ್ಚರಿಸುತ್ತದೆ.