ಗಡಿಗಳ ನಡುವಣ ಗದಗ ಪೇಟೆ

ಇಂದು ಮುಂಡರಗಿಯಿಂದ ಅಳವಂಡಿಗೆ ಹೋಗುವವರು ಜಿಲ್ಲೆಯ ಗಡಿ ದಾಟಿದ್ದನ್ನು ಗಮನಿಸುವುದೂ ಅಪರೂಪ. 1948ರವರೆಗೆ ಅದು ಹೈದರಾಬಾದ ನಿಜಾಮರ ರಾಜ್ಯದ ಎಲ್ಲೆಯಾಗಿತ್ತು. ಗದಗ-ಬೆಟಗೇರಿ ಹಾಗೂ ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಮಾರ್ಗವಾಗಿ ಗದಗಿಗೆ ಬರುವ ಹತ್ತಿಯ ಗಾಡಿ ಒಂದೇ ಪಯಣದಲ್ಲಿ ಮೂರು ಆಡಳಿತಗಳ ನೆಲವನ್ನು ತುಳಿಯುತ್ತಿತ್ತು.

ಆದರೆ ಎಲ್ಲ ಗಡಿಗಳೂ ವ್ಯಾಪಾರಕ್ಕೆ ಸಮನಾದ ಭಾರವಾಗಿರಲಿಲ್ಲ. ಸಾಂಗಲಿ, ಮಿರಜ ಸಂಸ್ಥಾನಗಳಲ್ಲಿ ಬ್ರಿಟಿಷ್ ರೂಪಾಯಿಯೇ ಚಲಾವಣೆಯಲ್ಲಿತ್ತು. ನಿಜಾಮರ ಸೀಮೆಯಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು; ಸುಮಾರು ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ. ಇದರ ಮೇಲೆ ಕರೋಡಗಿರಿ ಇಲಾಖೆಯ ಸುಂಕ, ಸಾಮಾನ್ಯವಾಗಿ ಶೇಕಡಾ 5. ಹೀಗಿದ್ದರೂ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲುಮಾರ್ಗದ ಜಂಕ್ಷನ್ ಆದ ಗದಗವು ಯಲಬುರ್ಗಿ, ಕುಕನೂರು, ಕೊಪ್ಪಳ ಭಾಗದ ರೈತರಿಗೆ ಸಹಜವಾದ ಪೇಟೆಯಾಗಿತ್ತು. ಹರ್ಲಾಪುರ ದಾಟಿದ ರೈಲು ಬನ್ನಿಕೊಪ್ಪ, ಭಾನಾಪುರಗಳ ಮೂಲಕ ನಿಜಾಮರ ನೆಲದಲ್ಲಿಯೇ ಓಡುತ್ತಿತ್ತು.

ಇಂಥ ಪೇಟೆಯ ಆಧಾರ ನಂಬಿಕೆ. ಬಿತ್ತನೆಗೆ ಮುಂಗಡ ಕೊಟ್ಟ ದಲಾಲ ಈಚೆ, ಬೆಳೆ ಆಚೆ. ಗಡಿ ಮುಚ್ಚಿದರೆ ಇಬ್ಬರೂ ಕೆಟ್ಟಂತೆಯೇ. 1947ರ ಆಗಸ್ಟ್ 15ರ ನಂತರ ಅದೇ ಸಂಭವಿಸಿತು. ನಿಜಾಮರು ಭಾರತ ಒಕ್ಕೂಟವನ್ನು ಸೇರದೆ ಉಳಿದರು. ರಜಾಕಾರರ ಹಾವಳಿ ಹೆಚ್ಚಿತು. ಭಾರತ ಸರಕಾರವು ಆರ್ಥಿಕ ದಿಗ್ಬಂಧನ ವಿಧಿಸಿತು. ಗಡಿಯಾಚೆಯ ಕುಟುಂಬಗಳು ಮನೆ, ಹೊಲ ಬಿಟ್ಟು ಈಚೆಗೆ ಬಂದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದಲ್ಲಿ ಹೋರಾಟದ ಶಿಬಿರಗಳು ನಡೆದವು. ಅಳವಂಡಿಯು ಗಡಿಯ ಆಚೆಯ ಊರು ಎಂಬುದನ್ನು ಇಲ್ಲಿ ನೆನೆಯಬೇಕು. ಶಿಬಿರವೆಂದರೆ ಬಂದೂಕು ಮಾತ್ರವಲ್ಲ. ಜೋಳ, ಬಟ್ಟೆ, ಔಷಧ, ಇರಲು ಸೂರು. ಸುತ್ತಲಿನ ಊರುಗಳ ಜನರ ಸಹಕಾರವಿಲ್ಲದೆ ಅವು ಒಂದು ವಾರವೂ ನಡೆಯುವಂತಿರಲಿಲ್ಲ. ಗಡಿ ಶಿಬಿರಗಳ ಹೋರಾಟಗಾರರು ದಾಳಿಗೆ ಆರಿಸಿಕೊಂಡವುಗಳಲ್ಲಿ ಕರೋಡಗಿರಿ ನಾಕಾಗಳೂ ಇದ್ದವು. ಸುಂಕ ತೆತ್ತು ಬೇಸತ್ತ ವರ್ತಕರಿಗೆ ಅದು ಅಷ್ಟೇನೂ ದುಃಖದ ಸುದ್ದಿಯಾಗಿರಲಾರದು.

1948ರ ಮಾರ್ಚ್ 8ರಂದು ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದವೂ ಭಾರತಕ್ಕೆ ಸೇರಿತು. ಆದರೆ ಹಾಲಿ ನಾಣ್ಯ ಕೂಡಲೇ ಮರೆಯಾಗಲಿಲ್ಲ. ಮುಂದೆಯೂ ಕೆಲವು ವರ್ಷ ಎರಡೂ ರೂಪಾಯಿಗಳ ಲೆಕ್ಕ ಇಡಬೇಕಾಯಿತು. 1956ರ ನವೆಂಬರ್ 1ರಂದು ಕೊಪ್ಪಳ ಮತ್ತು ಗದಗ ಒಂದೇ ಮೈಸೂರು ರಾಜ್ಯಕ್ಕೆ ಬಂದವು, ಒಂದು ರಾಯಚೂರು ಜಿಲ್ಲೆಯಲ್ಲಿ, ಇನ್ನೊಂದು ಧಾರವಾಡದಲ್ಲಿ. 1997ರಲ್ಲಿ ಎರಡೂ ಸ್ವತಂತ್ರ ಜಿಲ್ಲೆಗಳಾದಾಗ ಅವುಗಳ ನಡುವೆ ಉಳಿದದ್ದು ಬಹುಮಟ್ಟಿಗೆ ಆ ಹಳೆಯ ಗೆರೆಯೇ.