ಒಂದು ಹೆಸರು, ನಾಲ್ಕು ಆಟ

ನಮ್ಮ ವಾಚನಾಲಯದ ಸದಸ್ಯರೊಬ್ಬರ ಮಗ ವ್ಯಾಸಂಗಕ್ಕಾಗಿ ಮೆಲ್ಬರ್ನಿಗೆ ಹೋಗಿದ್ದಾನೆ. ಅಲ್ಲಿಂದ ಅವನು ತಂದೆಗೆ ಬರೆದುದನ್ನು ಕೇಳಿ ನಾವೆಲ್ಲ ನಕ್ಕೆವು. ಫುಟ್‌ಬಾಲ್ ನೋಡೋಣ ಬಾ ಎಂದು ಸ್ನೇಹಿತರು ಕರೆದುಕೊಂಡು ಹೋದರಂತೆ. ಚೆಂಡು ಮೊಟ್ಟೆಯಾಕಾರ, ಬಯಲೂ ಮೊಟ್ಟೆಯಾಕಾರ. ಆಟಗಾರರು ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಗೋಲು ಕಾಯುವವನೇ ಇಲ್ಲ! ಕೊಚ್ಚಿಯಲ್ಲಿ ಬೆಳೆದ ಹುಡುಗನಿಗೆ ಇದು ಫುಟ್‌ಬಾಲೆಂದು ತೋರದೆ ಹೋದುದರಲ್ಲಿ ಆಶ್ಚರ್ಯವೇನು? ನಕ್ಕಾದ ಮೇಲೆ ಸಂಗತಿಯನ್ನು ತಿಳಿಯಬೇಕೆನಿಸಿತು. ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ನಾವು ಚಿಕ್ಕಂದಿನಲ್ಲಿ ಆಡಿದ ಚಿನ್ನಿದಾಂಡನ್ನು ನೆನೆದುಕೊಂಡರೆ ವಿಷಯ ಸುಲಭವಾಗುತ್ತದೆ. ಒಂದು ಕೇರಿಯ ಲೆಕ್ಕ ಮತ್ತೊಂದು ಕೇರಿಗೆ ಒಗ್ಗುತ್ತಿರಲಿಲ್ಲ. ಆಟಕ್ಕೆ ಮುಂಚೆ ಅರ್ಧ ಗಂಟೆ ಜಗಳವಾಗಿ ಕಟ್ಟಳೆ ಗೊತ್ತಾಗಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಇಂಗ್ಲೆಂಡಿನ ಫುಟ್‌ಬಾಲಿನ ಸ್ಥಿತಿಯೂ ಇದೇ. ಒಂದೊಂದು ಶಾಲೆಗೆ ಒಂದೊಂದು ಕಟ್ಟಳೆ. ಚೆಂಡನ್ನು ಕೈಯಲ್ಲಿ ಹಿಡಿಯಬಹುದೆ, ಎದುರಾಳಿಯ ಮೊಳಕಾಲಿಗೆ ಒದೆಯಬಹುದೆ ಎಂಬುದೆಲ್ಲ ವಾದದ ವಿಷಯ. ಈ ವಾದ ತೀರುವ ಮೊದಲೇ ಇಂಗ್ಲಿಷರು ಆಸ್ಟ್ರೇಲಿಯದಲ್ಲಿ ಪಟ್ಟಣಗಳನ್ನು ಕಟ್ಟಿದ್ದರು.

1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರ ಮೆಲ್ಬರ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲು ಫುಟ್‌ಬಾಲ್ ಸಂಘವೊಂದನ್ನು ಕಟ್ಟಬೇಕೆಂಬುದು ಅವನ ಸಲಹೆ. ಮರುವರ್ಷ ಮೇ 17ರಂದು ಅವನೂ ಅವನ ಸಂಗಡಿಗರೂ ಕುಳಿತು ಹತ್ತು ನಿಯಮಗಳನ್ನು ಬರೆದರು. ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ನಿಯಮಗಳನ್ನು ಬರೆದುದು 1863ರಲ್ಲಿ. ಅಂದರೆ ಮಗಳು ತಾಯಿಗಿಂತ ನಾಲ್ಕು ವರ್ಷ ದೊಡ್ಡವಳು! ಈಗ ಅಲ್ಲಿ ಆಡುವ ಆಟದಲ್ಲಿ ಒಂದೊಂದು ಪಕ್ಷಕ್ಕೆ ಹದಿನೆಂಟು ಜನ. ಒಂದೊಂದು ಕೊನೆಯಲ್ಲಿ ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಆರು ಅಂಕ, ಪಕ್ಕದ ಸಂದಿನಲ್ಲಿ ಹೋದರೆ ಒಂದು. ಗುರಿ ತಪ್ಪಿದವನಿಗೂ ಒಂದು ಅಂಕ ಕೊಡುವ ಈ ಔದಾರ್ಯ ನಮಗೆ ಬಹಳ ಹಿಡಿಸಿತು. ಚೆಂಡನ್ನು ಕೈಯಿಂದ ಎಸೆಯುವಂತಿಲ್ಲ. ಒಂದು ಕೈಯಲ್ಲಿ ಹಿಡಿದು ಮತ್ತೊಂದರ ಮುಷ್ಟಿಯಿಂದ ಗುದ್ದಬೇಕು. ಆಫ್‌ಸೈಡ್ ಎಂಬುದಿಲ್ಲ. ಆಟ ಹೀಗೆ ಹರಡಿಕೊಳ್ಳಲು ಅಲ್ಲಿ ವಿಶಾಲವಾದ ಬಯಲುಗಳಿದ್ದುವು.

ಬಯಲಿಗೆ ತಕ್ಕಂತೆ ಆಟ ಹುಟ್ಟುವುದನ್ನು ನೋಡಲು ನಾವು ಅಷ್ಟು ದೂರ ಹೋಗಬೇಕಾದುದಿಲ್ಲ. ಮಲಬಾರಿನ ಸೆವೆನ್ಸ್ ಆಟವನ್ನು ನಮ್ಮಲ್ಲಿ ಅನೇಕರು ಕಂಡಿರುವರು. ಕೊಯ್ಲಾದ ಗದ್ದೆ, ಬೊಂಬಿನ ಗ್ಯಾಲರಿ, ರಾತ್ರಿಯ ದೀಪ, ಪಕ್ಷಕ್ಕೆ ಏಳೇ ಜನ. ಅಧಿಕೃತ ಸಂಸ್ಥೆಗಳ ನೆರಳಿನ ಹೊರಗೇ ಬೆಳೆದು, ಆಫ್ರಿಕದಿಂದ ಆಟಗಾರರನ್ನು ಕರೆಸಿಕೊಳ್ಳುವಷ್ಟು ಅದು ಬಲಿತಿದೆ. ಅಲ್ಲಿ ಕುಳಿತು ನೋಡುವವರ ಮುಂದೆ ಇದು ಫುಟ್‌ಬಾಲಲ್ಲವೆಂದು ಹೇಳುವ ಧೈರ್ಯ ನಮಗಂತೂ ಇಲ್ಲ.

ಸಿಡ್ನಿಯ ಕಥೆ ಬೇರೆ. ಅಲ್ಲಿಗೆ ರಗ್ಬಿ ಬಂದು ಊರಿತು. ಆದರೆ ರಗ್ಬಿ ಹಣ ಪಡೆಯದ ಹವ್ಯಾಸಿಗಳ ಆಟ. ಬಂದರಿನಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿಯುವವನು ಶನಿವಾರ ಆಡಿ ತೋಳು ಮುರಿದುಕೊಂಡರೆ ಸೋಮವಾರದ ಕೂಲಿ ಹೋಯಿತು. ಆ ನಷ್ಟವನ್ನು ಯಾರು ತುಂಬಬೇಕು? ಈ ಪ್ರಶ್ನೆಯ ಮೇಲೆ ಒಡಕು ಬಂದು 1907ರಲ್ಲಿ ರಗ್ಬಿ ಲೀಗ್ ಬೇರೆಯಾಯಿತು. 1908ರಲ್ಲಿ ಅದರ ಪಂದ್ಯಾವಳಿ ಆರಂಭವಾಯಿತು. ಹದಿನೈದು ಜನರ ಹಳೆಯ ಯೂನಿಯನ್ ಆಟ ಖಾಸಗಿ ಶಾಲೆಗಳಲ್ಲಿ ಉಳಿಯಿತು. ಹದಿಮೂರು ಜನರ ಲೀಗ್ ಕೂಲಿಕಾರರ ಬಡಾವಣೆಗಳನ್ನು ಸೇರಿತು. ಇಂದಿಗೂ ಸಿಡ್ನಿಯಲ್ಲಿ ಒಬ್ಬನು ಯಾವ ಆಟದ ಹೆಸರೆತ್ತುತ್ತಾನೆಂಬುದರಿಂದ ಅವನ ಶಾಲೆಯನ್ನು ಊಹಿಸುವವರುಂಟು. ಹೀಗೆ ದೇಶವೇ ಎರಡಾಗಿ ಹಂಚಿಹೋಗಿರುವುದನ್ನು ಕಂಡು ಇಯಾನ್ ಟರ್ನರ್ ಎಂಬ ಇತಿಹಾಸಕಾರ 1978ರಲ್ಲಿ ಭೂಪಟದ ಮೇಲೊಂದು ಕಾಲ್ಪನಿಕ ಗೆರೆಯೆಳೆದು, ಅದಕ್ಕೆ ಪ್ರಸಿದ್ಧ ಆಟಗಾರ ರಾನ್ ಬರಾಸಿಯ ಹೆಸರಿಟ್ಟ. ಗೆರೆಯ ಒಂದು ಕಡೆ ರಗ್ಬಿ, ಇನ್ನೊಂದು ಕಡೆ ಮೆಲ್ಬರ್ನಿನ ಆಟ. ಎರಡು ಕಡೆಯೂ ಫುಟ್‌ಬಾಲ್ ಎಂದರೆ ತಮ್ಮದೇ.

ಹಾಗಾದರೆ ನಮಗೆ ತಿಳಿದ ಫುಟ್‌ಬಾಲ್ ಎಲ್ಲಿ ಹೋಯಿತು? ಅಲ್ಲಿ ಅದಕ್ಕೆ ಸಾಕರ್ ಎಂಬ ಹೆಸರು ನಿಂತಿತು. ಎರಡನೆಯ ಮಹಾಯುದ್ಧದ ನಂತರ ಇಟಲಿ, ಗ್ರೀಸ್, ಯುಗೊಸ್ಲಾವಿಯ ಮುಂತಾದ ಕಡೆಗಳಿಂದ ಲಕ್ಷಗಟ್ಟಲೆ ಜನ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಬಂದರು. ಅವರೊಡನೆ ಅವರ ಆಟವೂ ಹೊಸ ಬಲದಿಂದ ಬಂದಿತು. ಹಳಬರು ಅದನ್ನು ‘ವಾಗ್‌ಬಾಲ್’ ಎಂದು ಕರೆದರು. ‘ವಾಗ್’ ಎಂಬುದು ದಕ್ಷಿಣ ಯೂರೋಪಿನಿಂದ ಬಂದವರನ್ನು ಹೀಯಾಳಿಸುವ ಮಾತು.

ಇಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಡಿಸೆಂಬರ್ 1ರಂದು ಭಾರತ ತಂಡ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಆ ಪಡೆಯಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು, ಕಲ್ಲಿಕೋಟೆಯ ಅಬ್ದುಲ್ ರಹಮಾನರಿದ್ದರು, ಒಟ್ಟಪಾಲದ ನಾರಾಯಣರಿದ್ದರು; ನಾವು ಹುಟ್ಟಿದ ನಾಡು, ನಾವು ಉಣ್ಣುವ ನಾಡು ಎರಡೂ ಅಲ್ಲಿದ್ದುವು. ಮುಂದೆ ಸೆಮಿಫೈನಲಿನಲ್ಲಿ ಸೋತ ನಮ್ಮವರು ಡಿಸೆಂಬರ್ 7ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಬಲ್ಗೇರಿಯಕ್ಕೆ 0–3ರಿಂದ ಸೋತು ನಾಲ್ಕನೆಯವರಾದರು. ಅದೇ ದಿನ, ಅದೇ ಮೈದಾನದಲ್ಲಿ, ಹೊರದೇಶದವರಿಗೆ ತೋರಿಸುವುದಕ್ಕಾಗಿ ಮೆಲ್ಬರ್ನಿನ ಮೊಟ್ಟೆಚೆಂಡಿನ ಆಟದ ಪ್ರದರ್ಶನವೂ ನಡೆಯಿತು.

ವಲಸೆ ಬಂದವರು ಕಟ್ಟಿದ ಸಂಘಗಳ ಮೇಲೆ ನಮ್ಮ ಕಣ್ಣು ಹೆಚ್ಚು ಹೊತ್ತು ನಿಂತಿತು. ಗ್ರೀಕರು ಸೌತ್ ಮೆಲ್ಬರ್ನ್ ಹೆಲ್ಲಾಸ್ ಕಟ್ಟಿದರು. ಸಿಡ್ನಿಯ ಇಟಾಲಿಯನರು ಮಾರ್ಕೋನಿ ಕಟ್ಟಿದರು. ಕ್ರೊಯೇಷಿಯದವರದು ಮೆಲ್ಬರ್ನಿನಲ್ಲಿ ಒಂದು, ಸಿಡ್ನಿಯಲ್ಲಿ ಒಂದು. ಆಟ ನೆಪ, ವಾರಕ್ಕೊಮ್ಮೆ ತಮ್ಮ ಭಾಷೆ ಕಿವಿಗೆ ಬೀಳುವ ತಾಣ ಅದು. ಬಂದರಿನ ಹೂಳೆತ್ತಿ ಮಾಡಿದ ಈ ವಿಲ್ಲಿಂಗ್ಡನ್ ದ್ವೀಪದಲ್ಲಿ ಹಿಂದಿನವರು ಕೂಡಿಸಿಟ್ಟ ಕನ್ನಡ ಪುಸ್ತಕಗಳ ನಡುವೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆಟವನ್ನು ದೇಶವೆಲ್ಲ ಒಪ್ಪಬೇಕಾದರೆ ಈ ಹೆಸರುಗಳು ಹೋಗಬೇಕೆಂದು ಸಾಕರಿನ ಆಡಳಿತಗಾರರು ತೀರ್ಮಾನಿಸಿದರು. 1990ರ ದಶಕದಲ್ಲಿ ಮೆಲ್ಬರ್ನ್ ಕ್ರೊಯೇಷಿಯ ಮೆಲ್ಬರ್ನ್ ನೈಟ್ಸ್ ಆಯಿತು. ಸಿಡ್ನಿ ಕ್ರೊಯೇಷಿಯ ಸಿಡ್ನಿ ಯುನೈಟೆಡ್ ಆಯಿತು. 2004ರಲ್ಲಿ ಹಳೆಯ ರಾಷ್ಟ್ರೀಯ ಲೀಗ್ ಮುಚ್ಚಿತು. 2005ರಲ್ಲಿ ಎ-ಲೀಗ್ ಬಂದಾಗ ಈ ಹಳೆಯ ಸಂಘಗಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಅದೇ ವರ್ಷ ಆಡಳಿತ ಸಂಸ್ಥೆ ಸಾಕರ್ ಎಂಬ ಮಾತನ್ನು ಬಿಟ್ಟು ಫುಟ್‌ಬಾಲ್ ಎಂಬ ಹೆಸರನ್ನು ತಳೆಯಿತು. ಆ ಹೆಸರಿಗಾಗಿ ಅಷ್ಟು ವರ್ಷ ಕಾದವರು ಅಂಗಳದ ಹೊರಗೆ ನಿಂತಿದ್ದರು. ಹೊಸ ಸಂಘಗಳು ಜನಾಂಗದ ಹೆಸರು, ಗುರುತುಗಳನ್ನು ಧರಿಸಕೂಡದೆಂದು 2014ರಲ್ಲಿ ನಿಯಮವೂ ಬಂದಿತು. ಬೇರೆ ಬೇರೆ ಜನಾಂಗದ ಪ್ರೇಕ್ಷಕರು ಕೆಲವು ಪಂದ್ಯಗಳಲ್ಲಿ ಹೊಡೆದಾಡಿದ್ದುದು ನಿಜ. ಆಡಳಿತಗಾರರ ಅಂಜಿಕೆ ಬರಿಯ ನೆಪವಲ್ಲ. ಆದರೂ ನಮ್ಮ ಮನಸ್ಸು ಹೆಸರು ಕಳೆದುಕೊಂಡವರ ಕಡೆಗೇ ವಾಲುತ್ತದೆ. ನಾಳೆ ಯಾರಾದರೂ ಬಂದು, ವಾಚನಾಲಯ ಇರಲಿ, ಹಲಗೆಯ ಮೇಲಿನ ಕನ್ನಡವೆಂಬ ಮಾತನ್ನು ಅಳಿಸಿರೆಂದರೆ ನಾವು ಏನನ್ನುತ್ತಿದ್ದೆವೋ?

ಆ ನಿಯಮವನ್ನು 2019ರಲ್ಲಿ ಹಿಂತೆಗೆದುಕೊಂಡರು. ಮೆಲ್ಬರ್ನಿನ ಹುಡುಗ ಈಗ ಮೊಟ್ಟೆಚೆಂಡಿನ ಆಟಕ್ಕೂ ಹೋಗುತ್ತಾನಂತೆ, ಗ್ರೀಕರ ಸಂಘದ ಆಟಕ್ಕೂ ಹೋಗುತ್ತಾನಂತೆ. ಇತ್ತ ಕಲೂರಿನ ಮೈದಾನಕ್ಕೆ ಬೆಂಗಳೂರು ತಂಡ ಬಂದಾಗ ಹಳದಿ ಅಂಗಿ ತೊಡಬೇಕೋ ನೀಲಿ ತೊಡಬೇಕೋ ಎಂದು ಅವನ ತಮ್ಮ ತಂದೆಯನ್ನು ಕೇಳಿದ್ದಾನೆ. ತಂದೆ ಇನ್ನೂ ಉತ್ತರ ಕೊಟ್ಟಿಲ್ಲ.